ಹಿಡಿದವನು ವರ್ಡೆಲ್ ಮಗೀ

ಮೊದಲೇ ಹೇಳಿಬಿಡುತ್ತೇನೆ, ವರ್ಡೆಲ್ ಮಗೀ ಯಾವ ದೊಡ್ಡ ಆಟಗಾರನೂ ಅಲ್ಲ. ಟಿವಿಯಲ್ಲಿ ಬಂದವನಲ್ಲ, ಅವನ ಫೋಟೋವನ್ನು ಗೋಡೆಗೆ ಅಂಟಿಸಿಕೊಂಡವರೂ ಇಲ್ಲ. ತಲ್ಲಬೋಗ್ ಜೂನಿಯರ್ ಕಾಲೇಜಿನಲ್ಲಿ ಎರಡು ವರ್ಷ ಫುಟ್‌ಬಾಲ್ ಆಡಿದ, ಆಮೇಲೆ ಶಾಲೆಯ ಬಸ್ಸು ಓಡಿಸಿದ. ಅಷ್ಟೇ. ಆದರೂ ಮಿಸಿಸಿಪ್ಪಿಯ ನಮ್ಮ ಈ ಮೂಲೆಯಲ್ಲಿ ಹೊಳೆಯ ಆಚೆ ಈಚೆ ಯಾರನ್ನು ಬೇಕಾದರೂ ಕೇಳಿ, ಅವನ ಕಥೆ ಗೊತ್ತಿಲ್ಲದವರು ಸಿಗುವುದಿಲ್ಲ. ಗೊತ್ತಿದೆ ಅನ್ನುವವರೆಲ್ಲ ಅರ್ಧ ಹೇಳುತ್ತಾರೆ, ಅದೂ ಹಲ್ಲು ಕಿರಿದುಕೊಂಡು. ಕೇಳಿ ಕೇಳಿ ನನಗೆ ಮೈ ಉರಿದುಹೋಗಿದೆ. ಅದಕ್ಕೇ ಇವತ್ತು ಪೂರ್ತಿ ಹೇಳಲು ಕೂತಿದ್ದೇನೆ.

ನಾನು ಅರ್ಲೀನ್. ಹೊಳೆಯ ಈಚೆಗಿನ ಹಾರ್ಪರ್‌ಟನ್ನಿನವಳು. ನಮ್ಮೂರಿಗೂ ಒಂದು ಜೂನಿಯರ್ ಕಾಲೇಜಿದೆ, ಆಚೆ ದಡದ ತಲ್ಲಬೋಗಿಗೂ ಒಂದಿದೆ. ನಡುವೆ ಸೇತುವೆ. ಸಾವು, ಆಸ್ಪತ್ರೆ, ಕೆಲಸ ಅಂತ ಎರಡೂ ಊರಿನವರು ಓಡಾಡಿಕೊಂಡೇ ಇರುತ್ತೇವೆ. ಆದರೆ ಗುರುವಾರ ಸಂಜೆ ಎರಡು ಕಾಲೇಜಿನ ನಡುವೆ ಆಟವಿದ್ದರೆ ಮುಗಿಯಿತು, ಹಾವು ಮುಂಗುಸಿ. ನಮ್ಮದು ಹಸಿರು ಬಣ್ಣ, ಅವರದು ಕೆಂಪು. ಆ ದಿನ ಕೆಂಪು ಅಂಗಿ ಹಾಕಿಕೊಂಡು ನಮ್ಮೂರ ಅಂಗಡಿಗೆ ಹೋದವರಿಗೆ ಬ್ರೆಡ್ಡು ಸಿಕ್ಕರೂ ಒಂದು ಒಳ್ಳೆಯ ಮಾತು ಸಿಗುವುದಿಲ್ಲ.

ಫುಟ್‌ಬಾಲ್ ಎಂದ ಕೂಡಲೇ ಗುಂಡು ಚೆಂಡನ್ನು ಒದೆಯುವ ಆಟ ಅಂದುಕೊಳ್ಳಬೇಡಿ. ನಮ್ಮದು ಎರಡೂ ತುದಿ ಚೂಪಾದ ಚೆಂಡು, ಕೈಯ ಆಟ. ಒಬ್ಬ ಹಿಂದೆ ನಿಂತು ಎಸೆಯುತ್ತಾನೆ. ರಿಸೀವರ್ ಎನ್ನುವವನು ಎದುರಾಳಿಗಳಿಂದ ತಪ್ಪಿಸಿಕೊಂಡು ಓಡುತ್ತಾ ಅದನ್ನು ಗಾಳಿಯಲ್ಲೇ ಹಿಡಿದು, ಕೈಯಲ್ಲಿ ಹಿಡಿದುಕೊಂಡೇ ಮೈದಾನದ ಕೊನೆಯ ಗೆರೆ ದಾಟಬೇಕು. ಇಷ್ಟು ತಿಳಿದರೆ ಸಾಕು. ಉಳಿದದ್ದೆಲ್ಲ ಗಂಡಸರು ಕಾಫಿ ಕುಡಿಯುತ್ತಾ ಜಗಳವಾಡಲು ಮಾಡಿಕೊಂಡ ನಿಯಮಗಳು.

ವರ್ಡೆಲ್ ಅಂಥ ರಿಸೀವರ್. ಕಡ್ಡಿಯಂಥ ಹುಡುಗ, ಮೊಣಕಾಲು ಮುಟ್ಟುವಂಥ ಕೈ. ತಂದೆ ಇಲ್ಲ. ತಾಯಿ ಓಜೆಲ್ಲ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು, ಮಗನನ್ನು ಒಬ್ಬಳೇ ಸಾಕಿದಳು. ಹಿಡಿಯುವುದನ್ನು ಅವನಿಗೆ ಕಲಿಸಿದ್ದು ಕೋಚಲ್ಲ, ಅವಳೇ. ಹಿತ್ತಲ ಬಾಗಿಲಲ್ಲಿ ನಿಂತು ಗೆಣಸು ಎಸೆಯುತ್ತಿದ್ದಳಂತೆ. "ಹಿಡಿದಿದ್ದು ನಿನ್ನ ಊಟ, ಕೆಳಗೆ ಬಿದ್ದಿದ್ದು ಹಂದಿಗೆ!" ಎಂದು ಕೂಗುತ್ತಿದ್ದಳಂತೆ. ಹಸಿದ ಹುಡುಗ ಬಿಡುತ್ತಾನೆಯೇ? ಕಾಲೇಜು ಸೇರುವ ಹೊತ್ತಿಗೆ ಅವನ ಕೈಗೆ ಬಂದದ್ದು ಬಿದ್ದ ಉದಾಹರಣೆಯೇ ಇರಲಿಲ್ಲ.

ಜೂನಿಯರ್ ಕಾಲೇಜಿನ ಆಟಗಾರನ ಆಯುಸ್ಸೇ ಎರಡು ವರ್ಷ. ಆ ಎರಡು ವರ್ಷದೊಳಗೆ ಯಾವುದಾದರೂ ದೊಡ್ಡ ಯೂನಿವರ್ಸಿಟಿಯವರ ಕಣ್ಣಿಗೆ ಬಿದ್ದರೆ ಮುಂದಿನ ಓದು, ಊಟ, ಆಟ ಎಲ್ಲ ಅವರದು. ಬೀಳದಿದ್ದರೆ ಮೀನಿನ ಕಾರ್ಖಾನೆ. ಮೊದಲ ವರ್ಷ ವರ್ಡೆಲ್ ಹಿಡಿದ ಚೆಂಡುಗಳನ್ನು ನೋಡಿ ತಲ್ಲಬೋಗಿನ ಜನ ಚರ್ಚಿನಲ್ಲೂ ಅದೇ ಮಾತಾಡಿದರು. ಓಜೆಲ್ಲ ಕೆಂಪು ಟೋಪಿ ಹಾಕಿಕೊಂಡು ಒಂದಾಟವನ್ನೂ ಬಿಡದೆ ಬರುತ್ತಿದ್ದಳು. ಅವಳ ಗಂಟಲಿಗೆ ನಮ್ಮ ಬ್ಯಾಂಡಿನವರೂ ಹೆದರುತ್ತಿದ್ದರು.

ಎರಡನೆಯ ವರ್ಷದ ಕೊನೆಯ ಆಟ ನಮ್ಮೂರಲ್ಲಿ. ಯೂನಿವರ್ಸಿಟಿಯಿಂದ ಇಬ್ಬರು ಬಂದು ಮೇಲಿನ ಸಾಲಿನಲ್ಲಿ ಕೂತಿದ್ದರು. ಆಟ ಮುಗಿಯುವ ಹೊತ್ತು, ನಾವು ಸ್ವಲ್ಪ ಮುಂದಿದ್ದೆವು. ಅವರ ಕಡೆಯ ಟಾರಸ್ ಹಬರ್ಡ್ ಚೆಂಡನ್ನು ಆಕಾಶಕ್ಕೆ ಎಸೆದ. ನಮ್ಮ ಇಬ್ಬರು ಹುಡುಗರು ವರ್ಡೆಲ್‌ನ ಮೈಮೇಲೇ ಇದ್ದರು. ಅವರ ಮಧ್ಯದಿಂದ ಎದ್ದ ನೋಡಿ, ಒಂದೇ ಕೈಯಲ್ಲಿ, ಹಿಂದಕ್ಕೆ ಬಾಗಿ, ಬೆರಳ ತುದಿಯಲ್ಲಿ ಹಿಡಿದ. ಹಿಡಿದು ಓಡಿದ. ಮುಂದೆ ಯಾರೂ ಇಲ್ಲ. ಸಂತೋಷ ತಡೆಯಲಾಗಲಿಲ್ಲ ಅವನಿಗೆ. ಗೆರೆ ದಾಟಿಬಿಟ್ಟೆ ಅಂದುಕೊಂಡು ಚೆಂಡನ್ನು ಕೈಬಿಟ್ಟು ಎರಡೂ ತೋಳು ಅಗಲಿಸಿ ಆಕಾಶ ನೋಡಿದ. ಗೆರೆ ಇನ್ನೂ ಒಂದು ಹೆಜ್ಜೆ ಮುಂದಿತ್ತು.

ಈ ತಪ್ಪು ರಿಸೀವರ್‌ಗಳು ಮಾತ್ರ ಮಾಡುವ ತಪ್ಪು. ಬೇರೆಯವರಿಗೆ ಅಷ್ಟು ದೂರ ಒಬ್ಬರೇ ಓಡುವ ಭಾಗ್ಯವೇ ಇರುವುದಿಲ್ಲ. ನಮ್ಮ ಹುಡುಗನೊಬ್ಬ ಬಿದ್ದ ಚೆಂಡನ್ನು ಎತ್ತಿಕೊಂಡು ಈ ತುದಿಯಿಂದ ಆ ತುದಿಗೆ ಓಡಿದ. ಗೆದ್ದವರು ನಾವು. ಆಗ ಮೈಕಿನಲ್ಲಿ ಆ ಮಾತು ಬಂತು.

"ತಲ್ಲಬೋಗಿಂದ ಪಾರ್ಸೆಲ್ ಬಂದಿದೆ ರೀ! ತಂದ ಹುಡುಗ ಬಾಗಿಲಲ್ಲೇ ಬಿಟ್ಟು ಹೋಗಿದ್ದಾನೆ. ಯಾರಾದ್ರೂ ಒಳಗೆ ಎತ್ತಿಟ್ಕೊಳ್ಳಿ!"

ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು. ಮೈಕು ಹಿಡಿದಿದ್ದವನು ಹೋಸಿಯಾ ಸಿಂಪ್ಕಿನ್ಸ್. ಕ್ಷೌರದಂಗಡಿ ಇಟ್ಟವನು, ನಮ್ಮ ಕಾಲೇಜಿನ ಆಟವನ್ನೆಲ್ಲ ಮೈಕಿನಲ್ಲಿ ಹೇಳುವವನು, ನನ್ನ ಅಪ್ಪ.

ಯೂನಿವರ್ಸಿಟಿಯವರು ಎದ್ದು ಹೋದರು, ಮತ್ತೆ ಬರಲಿಲ್ಲ. ವರ್ಡೆಲ್‌ಗೆ "ಪಾರ್ಸೆಲ್" ಎಂಬ ಹೆಸರು ಅಂಟಿತು, ಎರಡೂ ದಡದಲ್ಲಿ. ಮೊಟ್ಟೆ ಕೊಳ್ಳಲು ಹೋದರೆ "ಮನೆ ತನಕ ಹಿಡ್ಕೋ ಮಾರಾಯಾ," ನೆಂಟರ ಮಗುವನ್ನು ಎತ್ತಿಕೊಂಡರೆ "ಯಾರಾದ್ರೂ ಕೆಳಗೆ ದಿಂಬು ಹಾಕ್ರಪ್ಪ." ಅವನ ಜಾಗದಲ್ಲಿ ನಾನಿದ್ದಿದ್ದರೆ ನಾಲ್ಕು ಜನರ ಹಲ್ಲು ಉದುರಿಸಿರುತ್ತಿದ್ದೆ. ಅವನು ನಕ್ಕ. ಮನಸ್ಸಿನಿಂದಲೇ ನಕ್ಕ, ಅದೇ ಅವನ ವಿಚಿತ್ರ. ಸ್ವಲ್ಪ ದಿನ ಮೀನಿನ ಕಾರ್ಖಾನೆಯಲ್ಲಿದ್ದು, ಆಮೇಲೆ ಶಾಲೆಯ ಬಸ್ಸಿನ ಚಾಲಕನಾದ. ಸಂಜೆ ಹೈಸ್ಕೂಲಿನ ರಿಸೀವರ್‌ಗಳಿಗೆ ಆಟ ಹೇಳಿಕೊಟ್ಟ. ಅವನ ಹುಡುಗರು ಗೆರೆ ದಾಟಿದ ಮೇಲೂ ಚೆಂಡು ಬಿಡುವಂತಿಲ್ಲ. ಓಡಿಹೋಗಿ ಅಂಪೈರ್ ಕೈಗೇ ಕೊಟ್ಟು, "ತಗೊಳ್ಳಿ ಸರ್" ಅನ್ನಬೇಕು. "ಯಾಕೆ ಸರ್ ಹೀಗೆ?" ಎಂದು ಹೊಸ ಹುಡುಗರು ಕೇಳಿದರೆ, "ನನ್ನ ಹೆಸರು ಯಾಕೆ ಪಾರ್ಸೆಲ್ ಅಂತ ಮನೇಲಿ ಕೇಳ್ಕೊಂಡು ಬನ್ನಿ," ಅನ್ನುತ್ತಿದ್ದ.

ನಗದವಳು ಒಬ್ಬಳೇ, ಓಜೆಲ್ಲ. ಆ ದಿನದಿಂದ ಅವಳು ಆಟದ ಮೈದಾನಕ್ಕೆ ಕಾಲಿಡಲಿಲ್ಲ, ಸೇತುವೆ ದಾಟಿ ನಮ್ಮೂರಿಗೂ ಬರಲಿಲ್ಲ. ಕಣ್ಣಿನ ಡಾಕ್ಟರ್ ಇರುವುದು ನಮ್ಮೂರಲ್ಲೇ, ಆದರೂ ಸುತ್ತಿ ಬಳಸಿ ಇನ್ನೊಂದು ಊರಿಗೆ ಹೋಗುತ್ತಿದ್ದಳು. ಯಾಕೆ ಎಂದು ಅವಳು ಹೇಳಲಿಲ್ಲ, ವರ್ಡೆಲ್ ಕೇಳಲಿಲ್ಲ. ತನ್ನಿಂದ ಅಮ್ಮನಿಗೆ ತಲೆ ಎತ್ತಲಾಗದಂತಾಯಿತು ಎಂದು ಅವನೇ ತೀರ್ಮಾನ ಮಾಡಿಕೊಂಡಿದ್ದ. ಊರೆಲ್ಲ ಆಡಿದ್ದನ್ನು ಅರಗಿಸಿಕೊಂಡವನಿಗೆ ಅದೊಂದು ಮಾತ್ರ ಒಳಗೇ ಚುಚ್ಚುತ್ತಿತ್ತು.

ಹೀಗೇ ಇಪ್ಪತ್ತು ಚಿಲ್ಲರೆ ವರ್ಷ ಕಳೆಯಿತು. ವರ್ಡೆಲ್‌ನ ಗಡ್ಡ ಬೆಳ್ಳಗಾಯಿತು, ಮದುವೆ ಆಗಲಿಲ್ಲ. ಒಂದು ಶುಕ್ರವಾರ ಹೈಸ್ಕೂಲಿನ ಹುಡುಗರನ್ನು ಕರೆದುಕೊಂಡು ಹೋಗುವಾಗ ಬಸ್ಸಿನ ಟೈರು ಪಂಕ್ಚರ್ ಆಯಿತು, ಅದೂ ನಮ್ಮೂರಲ್ಲಿ, ನನ್ನ ಅಕ್ಕ ಡೋರೆಥಾಳ ಊಟದಂಗಡಿಯ ಮುಂದೆಯೇ. ಅಕ್ಕ ವಿಧವೆ. ಹುರಿದ ಮೀನು, ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು ಮಾಡಿ ತಟ್ಟೆ ಲೆಕ್ಕದಲ್ಲಿ ಮಾರುತ್ತಿದ್ದಳು. ಬಾಯಿ ನನ್ನಷ್ಟು ಜೋರಿಲ್ಲ, ಆದರೆ ಚುರುಕು.

"ನೀವು ಆ ಪಾರ್ಸೆಲ್ ಅಲ್ವಾ?" ಎಂದಳು, ಅವನು ಒಳಗೆ ಬರುತ್ತಿದ್ದಂತೆ.

"ಹೌದಮ್ಮ, ನಾನೇ. ಆದ್ರೆ ಇವತ್ತು ಪಾರ್ಸೆಲ್ ಬೇಡ, ಎಲ್ಲಾ ಇಲ್ಲೇ ಕೂತು ತಿಂತೀವಿ."

ಅಕ್ಕ ಸೌಟು ಹಿಡಿದುಕೊಂಡೇ ನಕ್ಕುಬಿಟ್ಟಳು. ಗಂಡ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಮುಂದಿನ ಶುಕ್ರವಾರ ಬಸ್ಸಿಗೆ ಏನೂ ಆಗಿರಲಿಲ್ಲ, ಅವನು ಮಾತ್ರ ಬಂದ. ಅದರ ಮುಂದಿನ ಶುಕ್ರವಾರವೂ ಬಂದ.

"ಮೀನು ತಿನ್ನಕ್ಕೆ ಬಂದ್ರಾ, ಮೀನು ಹಿಡಿಯಕ್ಕೆ ಬಂದ್ರಾ?" ಎಂದು ನಾನು ಕೇಳಿದೆ.

"ಹಿಡಿಯೋದು ನಂಗೆ ಯಾವತ್ತೂ ಕಷ್ಟ ಆಗಿಲ್ಲ ಅರ್ಲೀನ್," ಎಂದ. "ಆಮೇಲಿಂದೇ ತೊಂದ್ರೆ."

ಅಪ್ಪನಿಗಂತೂ ಖುಷಿಯೋ ಖುಷಿ. ತನ್ನ ಜೀವಮಾನದ ಅತ್ಯುತ್ತಮ ಮಾತಿಗೆ ಕಾರಣನಾದವನೇ ಅಳಿಯನಾಗುತ್ತಾನೆಂದರೆ! "ಬಾರಪ್ಪ ಪಾರ್ಸೆಲ್, ಕೂತ್ಕೋ, ಗಡ್ಡ ಸರಿ ಮಾಡ್ತೀನಿ," ಎಂದು ಕುರ್ಚಿಯಲ್ಲಿ ಕೂರಿಸಿ, ಅಂಗಡಿಗೆ ಬಂದವರಿಗೆಲ್ಲ ಅದೇ ಕಥೆಯನ್ನು ಮತ್ತೆ ಹೇಳುತ್ತಿದ್ದ. ಆ ಬಡಪಾಯಿ ಸೋಪಿನ ನೊರೆಯ ಹಿಂದೆ ನಗುತ್ತಾ ಕೂತಿರುತ್ತಿದ್ದ.

ಮದುವೆ ಅಂತ ಮಾತಾಯಿತು. ನಮ್ಮಲ್ಲಿ ಮದುವೆ ನಡೆಯುವುದು ಹೆಣ್ಣಿನ ಕಡೆಯ ಚರ್ಚಿನಲ್ಲಿ. ಅಕ್ಕನ ಮೊದಲ ಮದುವೆ ಕೋರ್ಟಿನ ಆಫೀಸಿನಲ್ಲಿ ಸಹಿ ಹಾಕಿ ಮುಗಿದಿತ್ತು, ಈ ಸಲವಾದರೂ ಚರ್ಚಿನಲ್ಲಿ, ಹಾಡು, ಟೋಪಿ, ಕೇಕು ಎಲ್ಲ ಇಟ್ಟುಕೊಂಡು ಆಗಬೇಕು ಅಂತ ಅವಳಿಗೆ ಆಸೆ. ವರ್ಡೆಲ್ ಹೋಗಿ ತಾಯಿಯನ್ನು ಕೇಳಿದ. "ಆಗಪ್ಪ, ಒಳ್ಳೇ ಹೆಂಗಸು ಅಂತ ಕೇಳಿದ್ದೀನಿ. ನಾನು ಮಾತ್ರ ಆ ಊರಿಗೆ ಬರಲ್ಲ," ಎಂದಳಂತೆ ಓಜೆಲ್ಲ. ಅವನು ಬಂದು ಅಕ್ಕನ ಮುಂದೆ ತಲೆ ತಗ್ಗಿಸಿ ನಿಂತ. "ಅಮ್ಮ ಇಲ್ದೆ ನಾನು ಹೇಗೆ ಡೋರೆಥಾ? ನಂಗಿರೋದು ಅವಳೊಬ್ಬಳೇ."

ವಸಂತದಲ್ಲಿ ಅಂದುಕೊಂಡಿದ್ದ ಮದುವೆ ಬೇಸಿಗೆಗೆ ಹೋಯಿತು, ಬೇಸಿಗೆಯದು ಹಾಗೇ ಮುಂದಕ್ಕೆ. ಒಂದು ದಿನ ಅಕ್ಕ ಮೀನಿಗೆ ಹಿಟ್ಟು ಹಚ್ಚುತ್ತಾ ನನಗೆ ಹೇಳಿದಳು: "ನಂಗೇನು ಹದಿನೆಂಟಾ ಕಣೇ, ಕಾಯ್ಕೊಂಡು ಕೂರಕ್ಕೆ? ಈ ವರ್ಷ ಆಗ್ಲಿಲ್ಲ ಅಂದ್ರೆ ಬೇಡವೇ ಬೇಡ ಅಂದ್ಬಿಡ್ತೀನಿ." ಹೇಳಿ ಮುಖ ಆಚೆ ತಿರುಗಿಸಿದಳು. ನನಗೆ ರೇಗಿಹೋಯಿತು. ಏಪ್ರನ್ನನ್ನೂ ಬಿಚ್ಚದೆ ಕಾರು ಹತ್ತಿ ಸೀದಾ ಸೇತುವೆ ದಾಟಿದೆ.

ಓಜೆಲ್ಲಳ ಮನೆ ತಲ್ಲಬೋಗ್ ಕಾಲೇಜಿನ ಮೈದಾನದ ಬೆನ್ನಿಗೇ ಇದೆ. ಅವಳು ಜಗಲಿಯಲ್ಲಿ ಕೂತು ಅಲಸಂದೆ ಸುಲಿಯುತ್ತಿದ್ದಳು. ಎಂಬತ್ತು ದಾಟಿದವಳು, ಬೆನ್ನು ಮಾತ್ರ ನೆಟ್ಟಗೆ.

"ಓಜೆಲ್ಲಮ್ಮ, ನಾನು ಡೋರೆಥಾ ತಂಗಿ," ಎಂದೆ.

"ಗೊತ್ತು. ಕಾರು ನಿಲ್ಸಿದ್ದು ನೋಡಿದ್ರೇ ಗೊತ್ತಾಗತ್ತೆ ಜಗಳಕ್ಕೆ ಬಂದಿದ್ದೀಯ ಅಂತ. ಕೂತ್ಕೊಂಡು ಜಗಳ ಆಡು. ಕೈ ಸುಮ್ನೆ ಇರೋದು ಬೇಡ," ಎಂದು ಒಂದು ಬೊಗಸೆ ಕಾಯಿ ನನ್ನ ಮಡಿಲಿಗೆ ಹಾಕಿದಳು.

ನಾನು ಸುಲಿಯುತ್ತಲೇ ಬಯ್ದೆ. "ಅಷ್ಟು ವರ್ಷದ ಹಿಂದೆ ಮಗ ಒಂದು ಚೆಂಡು ಬಿಟ್ಟ ಅಂತ ಇನ್ನೂ ನಾಚ್ಕೊಂಡು ಕೂತಿದ್ದೀರಲ್ಲ, ನಿಮಗೆ ಸರಿ ಅನ್ಸತ್ತಾ? ಅವನೇನು ಕೊಲೆ ಮಾಡಿದ್ನಾ?"

ಅವಳ ಕೈ ನಿಂತಿತು. "ನಾಚಿಕೆನಾ? ಯಾರಿಗೆ? ನಂಗಾ? ಯಾರು ಹೇಳಿದ್ದು ಹಾಗಂತ?"

"ವರ್ಡೆಲ್ಲೇ ಹಾಗಂದ್ಕೊಂಡಿದ್ದಾನೆ."

"ಅಯ್ಯೋ ದೇವ್ರೇ," ಎಂದಳು. ಆಮೇಲೆ ಶುರು ಮಾಡಿದಳು ನೋಡಿ. "ಹುಡುಗ ತಪ್ಪು ಮಾಡ್ದ. ಹುಡುಗ್ರು ಮಾಡ್ತಾರೆ. ಅದಕ್ಕೆ ನಾನ್ಯಾಕೆ ನಾಚ್ಕೊಳ್ಳಿ? ಆದ್ರೆ ಅವನು ಹಿಡಿದದ್ದು ನೋಡಿದ್ಯಾ ನೀನು? ಒಂದೇ ಕೈ! ಇಬ್ರು ಮೈಮೇಲೆ ಬಿದ್ದಿದ್ರು! ಅಂಥ ಹಿಡಿತ ನಾನು ಅದಕ್ಕೆ ಮುಂಚೆ ನೋಡಿಲ್ಲ, ಆಮೇಲೂ ಕೇಳಿಲ್ಲ. ನಿಮ್ಮಪ್ಪ ಯಾರು ಚೆಂಡು ಹಿಡಿದ್ರೂ ಹೆಸರು ಹೇಳ್ತಾನೆ ಅಲ್ವಾ? ಎಸೆದವನು ಇಂಥವನು, ಹಿಡಿದವನು ಇಂಥವನು ಅಂತ, ನಮ್ಮೋರಾಗ್ಲಿ, ನಿಮ್ಮೋರಾಗ್ಲಿ? ಅವತ್ತು ಹೇಳ್ಲಿಲ್ಲ. ನಾನು ಕಾಯ್ತಾ ನಿಂತಿದ್ದೆ, ನನ್ನ ಮಗನ ಹೆಸರು ಬರತ್ತೆ ಅಂತ. ಬಂದಿದ್ದು ಪಾರ್ಸೆಲ್ಲು! ನನ್ನ ಮಗನ್ನ ನೋಡಿ ಊರಿಗೂರೇ ನಕ್ಕಿತಲ್ಲ, ಆ ಊರಿಗೆ ನಾನ್ಯಾಕೆ ಬರ್ಲಿ?"

ಜಗಳಕ್ಕೆಂದು ಹೋದವಳು ಬಾಯಿ ಮುಚ್ಚಿಕೊಂಡು ಉಳಿದ ಅಲಸಂದೆಯನ್ನೆಲ್ಲ ಸುಲಿದುಕೊಟ್ಟು ಬಂದೆ.

ಅಲ್ಲಿಂದ ನೇರ ಅಪ್ಪನ ಅಂಗಡಿಗೆ. ಗಿರಾಕಿ ಯಾರೂ ಇರಲಿಲ್ಲ, ಪುಣ್ಯಕ್ಕೆ. ಕ್ಷಮೆ ಕೇಳಬೇಕು ಎಂದ ಕೂಡಲೇ ಅಪ್ಪ ಎಗರಿಬಿದ್ದ.

"ಯಾಕೆ ಕೇಳ್ಬೇಕು? ತಮಾಷೆ ಅದು! ಇವತ್ತಿಗೂ ಜನ ನೆನೆಸ್ಕೊಂಡು ನಗ್ತಾರೆ. ಆ ಹುಡುಗನೇ ನಗ್ತಾನೆ!"

"ತಮಾಷೆ ವಿಷಯ ಬಿಡಪ್ಪ. ಅವನು ಚೆಂಡು ಹಿಡಿದಾಗ ಹೆಸರು ಹೇಳಿದ್ಯಾ?"

"ಹೇಳ್ದೇ ಇರ್ತೀನಾ? ಇಷ್ಟು ವರ್ಷದಲ್ಲಿ ಒಬ್ಬನ ಹೆಸರು ಬಿಟ್ಟಿಲ್ಲ ನಾನು. ಶತ್ರು ಆದ್ರೂ ಸರಿ, ಹಿಡಿದವನ ಹೆಸರು ಹೇಳ್ಬೇಕು. ಅದು ಮೈಕು ಹಿಡಿಯೋನ ಧರ್ಮ."

"ನೆನಪು ಮಾಡ್ಕೋ."

ಅಪ್ಪನಿಗೆ ಹಳೆಯ ಆಟಗಳೆಲ್ಲ ಬಾಯಿಪಾಠ. ಕ್ಷೌರದ ಕುರ್ಚಿಯಲ್ಲೇ ಕೂತು ಕಣ್ಣು ಮುಚ್ಚಿ ಆ ಸಂಜೆಯ ಆಟವನ್ನು ಮೈಕಿನ ಧಾಟಿಯಲ್ಲೇ ಮೆಲ್ಲಗೆ ಹೇಳಿಕೊಳ್ಳುತ್ತಾ ಹೋದ. ಎಸೆದವನು, ಹಿಡಿದವನು, ಕೆಡವಿದವನು. "ಎಸೆದವನು ಟಾರಸ್ ಹಬರ್ಡ್," ಎಂದ. ಅಲ್ಲಿ ನಿಂತ. ತುಟಿ ಅಲ್ಲಾಡಿತು, ಮುಂದಕ್ಕೆ ಏನೂ ಬರಲಿಲ್ಲ. ಮತ್ತೆ ಹಿಂದಿನಿಂದ ಶುರು ಮಾಡಿ ಅಲ್ಲಿಗೇ ಬಂದು ನಿಂತ. ಕಣ್ಣು ಬಿಟ್ಟಾಗ ಮುಖ ಸಪ್ಪಗಾಗಿತ್ತು.

"ಇಲ್ಲ ಕಣೇ ಅರ್ಲೀನ್. ಬಿಟ್ಟಿದ್ದೀನಿ," ಎಂದ. "ಎಲ್ಲರ ಹೆಸರೂ ಹೇಳಿದ್ದೀನಿ. ಅಂಥ ಹಿಡಿತಕ್ಕೇ ಬಿಟ್ಟಿದ್ದೀನಿ."

ನಾನು ಇನ್ನೇನೂ ಹೇಳಬೇಕಾಗಲಿಲ್ಲ. ಮುಂದಿನ ಗುರುವಾರ ತಲ್ಲಬೋಗಿನಲ್ಲಿ ಬೇರೆ ಯಾವುದೋ ಕಾಲೇಜಿನ ಜೊತೆ ಆಟವಿತ್ತು. "ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು," ಎಂದ ಅಪ್ಪ. ಹಸಿರು ಕೋಟನ್ನೇ ಹಾಕಿಕೊಂಡು ಹೊರಟ. "ಬೇರೆ ಕೋಟು ಹಾಕ್ಕೋ, ಹೊಡೀತಾರೆ," ಎಂದರೆ, "ಕದ್ದು ಹೋಗಲ್ಲ ನಾನು," ಎಂದ. ಅವನನ್ನು ಮೈದಾನದ ಗೇಟಿನ ಹತ್ತಿರ ಇಳಿಸಿದೆ. ಅಲ್ಲಿ ಟಿಕೆಟ್ ಹರಿಯುತ್ತಾ ನಿಂತಿದ್ದವನು ವರ್ಡೆಲ್ಲೇ. "ಇದೇನು ಮಾವ, ದಾರಿ ತಪ್ಪಿದ್ರಾ?" ಎಂದ. ಅಪ್ಪ ಸೀದಾ ಮೈಕಿನ ಕೋಣೆಯ ಮೆಟ್ಟಿಲು ಹತ್ತಿದ. ನಾನು ಓಜೆಲ್ಲಳ ಜಗಲಿಗೆ ಹೋದೆ. ಮೈದಾನಕ್ಕೆ ಹೋಗದಿದ್ದರೂ ಅವಳು ಪ್ರತಿ ಆಟವನ್ನೂ ಅಲ್ಲೇ ಕೂತು ಮೈಕಿನಲ್ಲಿ ಕೇಳುತ್ತಾಳೆ ಅಂತ ನನಗೆ ಹೋದ ಸಲವೇ ಗೊತ್ತಾಗಿತ್ತು.

ಆಟದ ನಡುವಿನ ಬಿಡುವಿನಲ್ಲಿ ಮೈಕು ಕೊರ್ ಎಂದಿತು.

"ನಾನು ಹೋಸಿಯಾ ಸಿಂಪ್ಕಿನ್ಸ್. ಹಾರ್ಪರ್‌ಟನ್."

ಮೈದಾನದ ಕಡೆಯಿಂದ ಬಂದ ಕೂಗಾಟಕ್ಕೆ ಜಗಲಿಯ ಬೆಕ್ಕು ಎದ್ದು ಓಡಿತು.

"ಕೂಗಿ, ಕೂಗಿ, ನಿಮ್ಮೂರು, ನಿಮ್ಮ ಗಂಟಲು. ಮುಗಿದ ಮೇಲೆ ಹೇಳ್ತೀನಿ." ಅಪ್ಪ ಕಾದ. "ಬಹಳ ವರ್ಷದ ಹಿಂದೆ ಒಂದು ಆಟದಲ್ಲಿ ನಾನು ಹೇಳ್ಬೇಕಾದ್ದು ಬಿಟ್ಟು ಹೇಳ್ಬಾರದ್ದು ಹೇಳ್ದೆ. ಯಾವುದು ಅಂತ ನಿಮಗೆಲ್ಲ ಗೊತ್ತು. ಓಜೆಲ್ಲಮ್ಮ, ಕೇಳಿಸ್ತಾ ಇದ್ರೆ, ಅದು ನನ್ನ ತಪ್ಪು. ಬಿಟ್ಟದ್ದನ್ನ ಈಗ ಹೇಳ್ತೀನಿ."

ಆಮೇಲೆ ಅಪ್ಪ ತನ್ನ ಆಟದ ಧ್ವನಿಯಲ್ಲಿ, ಈಗ ತಾನೇ ಕಣ್ಣೆದುರು ನಡೆದಂತೆ ಕೂಗಿದ:

"ಎಸೆದವನು ಟಾರಸ್ ಹಬರ್ಡ್! ಹಿಡಿದವನು... ವರ್ಡೆಲ್ ಮಗೀ! ತಲ್ಲಬೋಗ್!"

ಆ ಜನ ಎದ್ದ ಸದ್ದು ಕೇಳಬೇಕಿತ್ತು ನೀವು. ಹಲಗೆಯ ಸಾಲುಗಳನ್ನು ಕಾಲಿನಿಂದ ಗುದ್ದಿ ಗುದ್ದಿ ಕೂಗಿದರು, ಅವನ ಹೆಸರನ್ನೇ ಕೂಗಿದರು. ಓಜೆಲ್ಲ ಕದಲದೆ ಕೂತಿದ್ದಳು. ಅಳುತ್ತಾಳೇನೋ ಅಂತ ನಾನು ಕರ್ಚೀಫು ತೆಗೆದೆ.

"ಇನ್ನೂ ಸ್ವಲ್ಪ ಜೋರಾಗಿ ಹೇಳ್ಬಹುದಿತ್ತು ನಿಮ್ಮಪ್ಪ," ಎಂದಳು. ಅತ್ತವಳು ನಾನು.

ಅಷ್ಟರಲ್ಲಿ ವರ್ಡೆಲ್ ಬೇಲಿ ಸಂದಿಯಿಂದ ತೂರಿಕೊಂಡು ಓಡಿ ಬಂದ, ಕೈಯಲ್ಲಿ ಹರಿದ ಟಿಕೆಟುಗಳು ಹಾಗೇ ಇದ್ದವು. ಮೆಟ್ಟಿಲ ಕೆಳಗೆ ನಿಂತು ಉಸಿರು ಬಿಡುತ್ತಾ, "ಅಮ್ಮ, ಕೇಳಿಸ್ತಾ?" ಎಂದ. ಆಮೇಲೆ ಇಷ್ಟು ವರ್ಷ ಆಡದೇ ಇದ್ದ ಮಾತನ್ನು ಆಡಿಯೇಬಿಟ್ಟ. "ನಿಂಗೆ ನನ್ನಿಂದ ನಾಚಿಕೆ ಆಯ್ತು ಅಂದ್ಕೊಂಡಿದ್ದೆ."

"ಹುಚ್ಚಪ್ಪಾ," ಎಂದಳು ಓಜೆಲ್ಲ. "ಆ ಹಿಡಿತಾನ ದಿನಾ ಮಲಗೋ ಮುಂಚೆ ಒಂದ್ಸಲ ನೆನೆಸ್ಕೊಂಡು ಮಲಗ್ತೀನಿ ಕಣೋ ನಾನು. ಬಾ ಇಲ್ಲಿ." ಬೆಳ್ಳನೆ ಗಡ್ಡದ ಮಗನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ನಾನು ಬೆಕ್ಕು ಹುಡುಕುವ ನೆಪ ಮಾಡಿಕೊಂಡು ಹಿತ್ತಲಿಗೆ ಹೋದೆ.

ಚಳಿಗಾಲ ಬರುವ ಮುಂಚೆಯೇ ನಮ್ಮ ಚರ್ಚಿನಲ್ಲಿ ಮದುವೆ. ಒಂದು ಕಡೆ ಹಸಿರು ಟೋಪಿಗಳು, ಇನ್ನೊಂದು ಕಡೆ ಕೆಂಪು. ಓಜೆಲ್ಲ ಮೊದಲ ಸಾಲಿನಲ್ಲಿ, ಅಪ್ಪನ ಪಕ್ಕದಲ್ಲೇ. ಕೊನೆಗೆ ನಮ್ಮ ಪದ್ಧತಿಯಂತೆ ರಿಬ್ಬನ್ ಕಟ್ಟಿದ ಪೊರಕೆಯನ್ನು ನೆಲದ ಮೇಲೆ ಅಡ್ಡ ಇಟ್ಟರು. ಗಂಡು ಹೆಣ್ಣು ಕೈ ಹಿಡಿದು ಅದನ್ನು ಹಾರಿ ದಾಟಿದರೆ ಮದುವೆ ಆದಂತೆ. ವರ್ಡೆಲ್ ಅಕ್ಕನ ಕೈ ಹಿಡಿದು ಪೊರಕೆಯ ಮುಂದೆ ನಿಂತ. ಎಲ್ಲರ ಮನಸ್ಸಿನಲ್ಲೂ ಒಂದೇ ಮಾತು, ಆದರೆ ಆ ತಾಯಿಯ ಮುಂದೆ ಯಾರು ಆಡುತ್ತಾರೆ? ಅಪ್ಪನಂತೂ ತುಟಿ ಕಚ್ಚಿಕೊಂಡು ಮೇಲೆ ನೋಡುತ್ತಿದ್ದ.

"ಪೂರ್ತಿ ದಾಟು ಕಣೋ!" ಎಂದು ಮೊದಲ ಸಾಲಿನಿಂದ ಓಜೆಲ್ಲಳ ಗಂಟಲು ಚರ್ಚನ್ನೇ ನಡುಗಿಸಿತು. "ದಾಟೋ ತನಕ ಅವಳ ಕೈ ಬಿಟ್ಟೀಯ ಜೋಕೆ!"

ಹೇಳಿ ಅವಳೇ ಮೊದಲು ನಕ್ಕಳು. ಆಮೇಲೆ ಎರಡೂ ಊರು ನಕ್ಕವು, ವರ್ಡೆಲ್ ನಗುತ್ತಲೇ ಹಾರಿದ. ದಾಟಿದ ಮೇಲೂ ಅವನು ಅಕ್ಕನ ಕೈ ಬಿಡಲಿಲ್ಲ.